ಗಿಟಾರಿನ ಪಲ್ಟಾ, ಕೋಟಿನ ಪಲ್ಟಾ

ಮೊನ್ನೆ ಸಂಜೆ ನಮ್ಮ ಓಣಿಯ ಆರ್ಕೆಸ್ಟ್ರಾ ಹುಡುಗರು ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಚಹಾ ಕುಡಿದರು. ಆಮೇಲೆ ಅವರಲ್ಲಿ ಗಿಟಾರ್ ಬಾರಿಸುವವನು ಕೇಳಿದ.

"ಅಜ್ಜಾ, ಹಾಡಿನ ನಡುವ ನೀವು ಮನಸ್ಸಿಗಿ ಬಂದಂಗ ಬಾರಸ್ತಿದ್ರಿ ಅಂತ ನಮ್ಮಪ್ಪ ಹೇಳ್ತಾನ. ನನಗ ಹಾಡು ಹ್ಯಾಂಗದ ಹಂಗ ಬರ್ತದ. ಅದರಾಚಿ ಒಂದು ಹೆಜ್ಜಿ ಇಟ್ಟರ ಕಾಲು ಜಾರ್ತದ. ಅದರ ಗುಟ್ಟು ಒಂದೀಟು ಹೇಳ್ರಿ."

ಗುಟ್ಟಂತೆ ಗುಟ್ಟು! ಗಿಟಾರೇನು ನಾಟಿ ವೈದ್ಯವೇ, ಕಿವಿಯಲ್ಲಿ ಹೇಳಿ ಕಳಿಸಲಿಕ್ಕೆ? "ಗುಟ್ಟಿಲ್ಲೋ, ಪಲ್ಟಾ," ಅಂದೆ.

"ಪಲ್ಟಾ ಅಂದ್ರ ಏನ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಇದೇ ಪ್ರಶ್ನೆಯನ್ನು ನಾನು ಕೇಳಬೇಕಾದ ದಿನ ಕೇಳಿದ್ದರೆ ಒಂದು ಕೋಟು ಉಳಿಯುತ್ತಿತ್ತು. ಅವರಿಗೆ ಅಂದು ಅರ್ಧ ಹೇಳಿದೆ. ಈ ಕೆಲಸಕ್ಕೆ ಬರುವ ಎಲ್ಲ ಹುಡುಗರಿಗೂ ಆಗಲಿ ಎಂದು ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ನಾನು ದೊಡ್ಡ ಕಲಾವಿದನಲ್ಲ. ಬೀದರದ ಮದುವೆ ಬ್ಯಾಂಡಿನಲ್ಲಿ ಕೂದಲು ಹಣ್ಣಾಗುವ ತನಕ ಬಾರಿಸಿದವನು. ಬ್ಯಾಂಡಿನವನಿಗೆ ಹಾರ ಹಾಕಿ, ಭಾಷಣ ಮಾಡಿ ನಿವೃತ್ತಿ ಕೊಡುವವರು ಯಾರೂ ಇಲ್ಲ. ಒಂದು ದಿನ ಬೆರಳೇ "ಸಾಕಪ್ಪಾ" ಅನ್ನುತ್ತದೆ, ನಾವು ಮನೆಗೆ ಬರುತ್ತೇವೆ.

ಬ್ಯಾಂಡಿಗೆ ನಾನು ಸೇರಿದ್ದು ತಲೆಯಿಂದ. ತಲೆ ಚುರುಕಿತ್ತು ಎಂದು ತಿಳಿಯಬೇಡಿ, ತಲೆಯ ಮೇಲೆ ಗ್ಯಾಸ್ ಬತ್ತಿ ಹೊರುತ್ತಿದ್ದೆ. ಆಗ ವರನ ಮೆರವಣಿಗೆಗೆ ವಿದ್ಯುತ್ ದೀಪ ಎಲ್ಲಿಯದು? ಬ್ಯಾಂಡಿನ ಎರಡೂ ಬದಿಗೆ ಬತ್ತಿ ಹೊತ್ತವರು ನಡೆಯಬೇಕು. ಅಪ್ಪ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಹಮಾಲಿ, ಜೋಳ ತೊಗರಿಯ ಚೀಲ ಹೊರುತ್ತಿದ್ದ. ನಾನೂ ಅಲ್ಲಿಗೇ ಬರಬೇಕೆಂದು ಅವನ ಆಸೆ. "ಹೊರೂದ ಆದ್ರ ಚೀಲ ಹೊರೋ. ಬೆಂಕಿ ಯಾಕ ಹೊರ್ತಿ?" ಅನ್ನುತ್ತಿದ್ದ. ನನಗೆ ಬೆಂಕಿಯ ಜೊತೆ ಹಾಡು ಬರುತ್ತಿತ್ತು, ಚೀಲದ ಜೊತೆ ಬರೀ ಧೂಳು.

ಬ್ಯಾಂಡಿನ ಮಾಲಕರು ಸಂಗಶೆಟ್ಟೆಪ್ಪನವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಬೈದ ಬಾಯಲ್ಲೇ "ಉಂಡಿಯೇನಲೇ?" ಎಂದು ಕೇಳುತ್ತಿದ್ದರು. ಉಂಡಿಲ್ಲ ಅಂದರೆ ಮತ್ತೆ ಬೈದು ಉಣ್ಣಿಸುತ್ತಿದ್ದರು. ನನ್ನ ಬದುಕಿನಲ್ಲಿ ಅಂಥ ಮೇಲಧಿಕಾರಿಯನ್ನು ಮತ್ತೆ ನೋಡಲಿಲ್ಲ.

ಕೋಟಿನ ಸಂಗತಿ ಇಲ್ಲೇ ಹೇಳಬೇಕು, ಮುಂದೆ ಬೇಕಾಗುತ್ತದೆ. ನಿಜಾಮರ ಕಾಲದಲ್ಲಿ ಮಾಲಕರು ಬ್ಯಾಂಡಿಗೆ ನೀಲಿ ಉಣ್ಣೆಯ ಕೋಟು ಹೊಲಿಸಿದ್ದರು. ನೋಡಿದವರು ಸರಕಾರಿ ಬ್ಯಾಂಡ್ ಅಂದುಕೊಳ್ಳಲಿ ಎಂದು ಎದೆಗೆ ಹಳದಿ ಪಟ್ಟಿ ಹಚ್ಚಿಸಿದ್ದರು. ಹಳದಿ ನಿಜಾಮರ ಬಣ್ಣ. ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಅದಕ್ಕೆ ಮೊದಲು ರಜಾಕಾರರ ಹೆದರಿಕೆಯಿಂದ ನಮ್ಮ ಓಣಿಯವರು ಸಂಜೆಗೇ ಅಗಳಿ ಹಾಕುತ್ತಿದ್ದರು. ಆದ ಮೇಲೆ ಪಕ್ಕದ ಓಣಿಯವರು ಅಗಳಿ ಹಾಕಿದರು. ಆ ವರ್ಷ ಎರಡೂ ಕಡೆ ಅಳದ ಮನೆ ಕಡಿಮೆ. ಅದನ್ನು ಬರೆಯಲು ನನಗೆ ಕೈ ಬರುವುದಿಲ್ಲ, ಬರೆದವರು ಇದ್ದಾರೆ.

ಮಾಲಕರಿಗೆ ಹಳದಿ ಪಟ್ಟಿಯ ಚಿಂತೆ ಹತ್ತಿತು. ಹೊಸ ಕೋಟಿಗೆ ಬಟ್ಟೆ ಸಿಗುತ್ತಿರಲಿಲ್ಲ. ಆಗ ದರ್ಜಿಯೊಬ್ಬ ಉಪಾಯ ಹೇಳಿದ. ಹಳೆಯ ಕೋಟು ಬಿಚ್ಚಿ ಒಳಮೈ ಹೊರಗೆ, ಹೊರಮೈ ಒಳಗೆ ಮಾಡಿ ಹೊಲಿಯುವುದು. ಬಟ್ಟೆಯ ಮಾಸಿದ ಮುಖ ಒಳಗೆ ಹೋಗುತ್ತದೆ, ಪಟ್ಟಿಯೂ ಒಳಗೆ ಹೋಗುತ್ತದೆ, ಕೋಟು ಹೊಸದರಂತೆ ಕಾಣುತ್ತದೆ. ಇದಕ್ಕೆ ನಮ್ಮಲ್ಲಿ "ಕೋಟು ಪಲ್ಟಾ ಹೊಡೆಸುವುದು" ಅನ್ನುತ್ತಿದ್ದರು. ಒಂದೇ ತೊಂದರೆ: ಎಡ ಎದೆಯ ಜೇಬು ಬಲಕ್ಕೆ ಬರುತ್ತದೆ. ನಮ್ಮ ಇಡೀ ಬ್ಯಾಂಡು ಬೀಡಿಗಾಗಿ ಎಡ ಎದೆ ತಡಕಾಡಿ ಬಲಕ್ಕೆ ಬರುವುದನ್ನು ಕಲಿಯಲು ಒಂದು ಲಗ್ನಸರಾಯಿ, ಅಂದರೆ ಒಂದು ಮದುವೆಯ ಹಂಗಾಮೇ, ಹೋಯಿತು.

ಅದೇ ಹೊತ್ತಿಗೆ ದೊಡ್ಡ ಅಧಿಕಾರಿಗಳ ಕೆಲವು ಕುಟುಂಬಗಳು ಮನೆಸಾಮಾನು ಮಾರಿ ಹೈದರಾಬಾದಿನ ಕಡೆಗೆ ಹೊರಟಿದ್ದವು. ಮಾಲಕರು ಮಂಚ ತರಲು ಹೋಗಿ ಗಿಟಾರ್ ತಂದರು. ಅವರ ಹೆಂಡತಿ ಅದನ್ನು ನೋಡಿ, "ಇದರ ಮ್ಯಾಲ ಹ್ಯಾಂಗ ಮಲಗ್ಬೇಕ್ರಿ?" ಎಂದು ಕೇಳಿದರು. "ಸುಮ್ನಿರು. ಕಲಬುರ್ಗಿ ಬ್ಯಾಂಡಿನ್ಯಾಗೂ ಇದು ಇಲ್ಲ," ಅಂದರು ಮಾಲಕರು.

ಬಾರಿಸುವವರು ಯಾರು? ನಮ್ಮ ಕ್ಲಾರಿನೆಟ್ಟಿನ ಧೂಳಪ್ಪಣ್ಣ ಅದನ್ನು ಮುಟ್ಟಲೂ ಇಲ್ಲ. "ಈ ಹೊಟ್ಟಿ ಬಂದ ತಂಬೂರಿ ನನಗ ಬ್ಯಾಡ್ರಿ," ಅಂದ. ಮಾಲಕರು ಎಲ್ಲರನ್ನೂ ನೋಡಿ ಕೊನೆಗೆ ನನ್ನ ಕಡೆ ಬೆರಳು ಮಾಡಿದರು. "ಲೇ ವೈಜ್ಯಾ, ನೀ ಎತ್ತರ ಅದಿ. ಕೋಟು ಒಪ್ತದ. ಕೊರಳಿಗಿ ಹಾಕ್ಕೋ."

ಹೀಗೆ ನಾನು, ವೈಜನಾಥ, ಬತ್ತಿ ಇಳಿಸಿ ಗಿಟಾರಿಸ್ಟ್ ಆದೆ. ಧೂಳಪ್ಪಣ್ಣ ಒಲ್ಲದ ಮನಸ್ಸಿನಿಂದ ಎರಡು ಮೂರು ಹಾಡಿನ ಮೊದಲ ಸಾಲು ತೋರಿಸಿಕೊಟ್ಟ. ಉಳಿದದ್ದಕ್ಕೆ ನಾನು ತಂತಿಯ ಮೇಲೆ ಕೈ ಆಡಿಸಿ, ತಲೆ ಅಲ್ಲಾಡಿಸಿ, ಕಣ್ಣು ಮುಚ್ಚುತ್ತಿದ್ದೆ. ನಗಾರಿ, ತುತ್ತೂರಿ, ಪಟಾಕಿಯ ನಡುವೆ ಬೀದಿಯಲ್ಲಿ ಗಿಟಾರ್ ಯಾರಿಗೆ ಕೇಳಬೇಕು? ನನಗೇ ಕೇಳುತ್ತಿರಲಿಲ್ಲ. ಜನ ಬೆರಗಾಗಿ ನೋಡುತ್ತಿದ್ದರು. ಆ ದಿನಗಳಷ್ಟು ಸುಖವಾಗಿ ನಾನು ಮತ್ತೆಂದೂ ಬಾರಿಸಲಿಲ್ಲ.

ಸುಖ ಮುರಿದದ್ದು ಭಾಲ್ಕಿಯಲ್ಲಿ. ಅಲ್ಲಿಯ ವ್ಯಾಪಾರಿಯೊಬ್ಬರ ಮನೆಯ ಲಗ್ನ. ಊರಿಗೆ ಹೊಸದಾಗಿ ಬ್ಯಾಟರಿಯ ಭೋಂಗಾ ಬಂದಿತ್ತು. ಈಗಿನ ಲೌಡ್‌ಸ್ಪೀಕರಿನ ಅಜ್ಜ ಅನ್ನಿ. ಬೀಗರು ಊಟಕ್ಕೆ ಕೂತಾಗ ಬ್ಯಾಂಡು ಚಪ್ಪರದಲ್ಲಿ ಕೂತು ಬಾರಿಸಬೇಕಿತ್ತು. ಭೋಂಗಾದವನು ಒಬ್ಬೊಬ್ಬರ ವಾದ್ಯಕ್ಕೂ ಕಿವಿ ಕೊಟ್ಟ. ಯಾವುದು ಸಣ್ಣಗೆ ಕೇಳುತ್ತದೋ ಅದಕ್ಕೇ ಸಹಾಯ ಬೇಕು ಅಂದುಕೊಂಡ. ಪುಣ್ಯಾತ್ಮ ಮೈಕನ್ನು ತಂದು ನನ್ನ ಗಿಟಾರಿನ ಮುಂದೆ ನಿಲ್ಲಿಸಿದ.

ಹಾಡಿನ ಮೊದಲ ಸಾಲು ನೆಟ್ಟಗೆ ಬಂತು. ಸಾಲು ಮುಗಿದ ಮೇಲೆ ಧೂಳಪ್ಪಣ್ಣ ಉಸಿರು ತೆಗೆದುಕೊಳ್ಳಲು ನಿಂತ. ಆ ಖಾಲಿ ಜಾಗವನ್ನು ನಾನು ತುಂಬಬೇಕು. ಸಾಮಾನ್ಯವಾಗಿ ಅದನ್ನು ಪಟಾಕಿ ತುಂಬುತ್ತಿತ್ತು. ಅಂದು ಪಟಾಕಿ ಇರಲಿಲ್ಲ. ನನ್ನ ಬೆರಳು ಎಲ್ಲೋ ಬಿದ್ದವು, ಎಲ್ಲಿಂದಲೋ ಎದ್ದವು. ಆ ಟಿಣ್ ಟಿಣ್ ಸದ್ದು ಭೋಂಗಾದಲ್ಲಿ ಹಾದು ಭಾಲ್ಕಿಯ ರೈಲ್ವೆ ಸ್ಟೇಶನ್ನಿನ ತನಕ ಹೋಯಿತು. ಧೂಳಪ್ಪಣ್ಣ ಎರಡನೆಯ ಸಾಲು ಹಿಡಿದರೂ ನಾನು ನಿಲ್ಲಿಸಲಿಲ್ಲ. ಹೇಗೆ ನಿಲ್ಲಿಸಬೇಕು ಎಂಬುದೂ ಗೊತ್ತಿರಲಿಲ್ಲ. ಪಂಗತಿಯಿಂದ ವರನ ಸೋದರಮಾವ ಕೂಗಿದರು. "ಯಾರರ ಬಾವ್ಯಾಗ ಕೊಡ ಬಿಟ್ಟಾರೇನ್ರಿ? ನೋಡ್ರಿ ಒಂದೀಟು!"

ಪಂಗತಿಗೆ ಪಂಗತಿಯೇ ನಕ್ಕಿತು. ಹುಗ್ಗಿ ಬಡಿಸುವವರೂ ಸೌಟು ಕೆಳಗಿಟ್ಟು ನಕ್ಕರು.

ತಿರುಗಿ ಬರುವಾಗ ರೈಲಿನಲ್ಲಿ ಮಾಲಕರು ಬೈಯಲಿಲ್ಲ. ಅದೇ ನನಗೆ ಹೆದರಿಕೆ. ಬೀದರ ಹತ್ತಿರ ಬಂದಾಗ ಮೆಲ್ಲಗೆ ಹೇಳಿದರು. "ಬ್ಯಾಸಗಿ ಕೊನಿಗಿ ಸಂತಪುರದಾಗ ದೊಡ್ಡ ಲಗ್ನ ಅದ. ಅವರೂ ಭೋಂಗಾ ತರಸ್ತಾರಂತ. ಅಲ್ಲಿ ಹಿಂಗ ಆಯ್ತಂದ್ರ ಗಿಟಾರ್ ಮಾರ್ತೇನಿ. ನೀ ಮತ್ತ ಬತ್ತಿ ಹೊರು."

ಅಪ್ಪನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಗಂಜಿಗೆ ಭಾಲ್ಕಿಯ ಗಾಡಿಗಳು ಬರುತ್ತಿದ್ದವಲ್ಲ! "ಚೀಲ ಹೊರ್ಲಿಕ್ಕ ಬಾ. ಚೀಲಕ್ಕ ಯಾರೂ ಭೋಂಗಾ ಹಚ್ಚೂದಿಲ್ಲ," ಅಂದ. ನನಗೆ ಅಳು ಬಂತು. ಬಾರಿಸಲು ಬಾರದಿದ್ದರೂ ಆ ಗಿಟಾರ್ ಕೊರಳಿಗೆ ಬಿದ್ದ ದಿನದಿಂದ ಅದನ್ನು ಬಿಟ್ಟು ಇರುವುದು ನನ್ನಿಂದ ಆಗುತ್ತಿರಲಿಲ್ಲ.

ಆಗ ಸಿಕ್ಕವರು ಖಾದರ್ ಮಾಸ್ಟರು. ಸಿಕ್ಕವರು ಏನು, ಇದ್ದೇ ಇದ್ದರು. ಊರ ನಡುವಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ತಮ್ಮ ಅಕ್ಕನ ಮನೆಯ ಮುಂದೆ ಕೂತು ಸ್ಟೋವು, ಗ್ಯಾಸ್ ಬತ್ತಿ ದುರಸ್ತಿ ಮಾಡುತ್ತಿದ್ದರು. ನಮ್ಮ ಬ್ಯಾಂಡಿನ ಬತ್ತಿ ಒಯ್ಯುತ್ತಿದ್ದವನು ನಾನೇ. ಆ ದಿನ ಗಿಟಾರೂ ಹೆಗಲಿಗಿತ್ತು, ಬತ್ತಿ ಇಳಿಸುವಾಗ ಅದರ ತಂತಿಗಳು ಝಣ್ ಎಂದವು. ಅವರು ಬತ್ತಿಗೆ ಗಾಳಿ ಹಾಕುತ್ತ, ತಲೆ ಎತ್ತದೆ ಅಂದರು. "ಅದರ ಮೂರನೇ ತಂತಿ ಇಳದದ ನೋಡು."

ಆಗಲೇ ನನಗೆ ತಿಳಿದದ್ದು: ಅವರು ಹೈದರಾಬಾದಿನಲ್ಲಿ ನಿಜಾಮರ ಫೌಜಿನ, ಅಂದರೆ ಸೈನ್ಯದ, ಬ್ಯಾಂಡಿನಲ್ಲಿದ್ದವರು. ಕವಾಯತಿಗೆ ತುತ್ತೂರಿ ಊದಿದವರು, ಅಧಿಕಾರಿಗಳ ಊಟದ ಹೊತ್ತಿಗೆ ಗಿಟಾರ್ ಬಾರಿಸಿದವರು. ಫೌಜು ಹೋಯಿತು, ಬ್ಯಾಂಡು ಹೋಯಿತು, ಅವರ ಗಿಟಾರ್ ಅಲ್ಲೇ ಉಳಿಯಿತು. ಊರಿಗೆ ಬಂದ ಮೇಲೆ ಯಾರೂ ಕರೆಯಲಿಲ್ಲ. ಫೌಜಿನವನು ಎಂದು ಕೆಲವರಿಗೆ ಸಿಟ್ಟು, ಕೆಲವರಿಗೆ ಅಂಜಿಕೆ. ನನ್ನ ಗಿಟಾರ್ ಕೊಡಹೋದರೆ ಕೈ ಹಿಂದೆ ತೆಗೆದುಕೊಂಡರು. "ನಕ್ಕೋ ಬೇಟಾ, ಬ್ಯಾಡ. ಕೈಗಿ ಸಾಕು ಅಂತ ಹೇಳೇನಿ. ಬಾಯಿಲೆ ಕಲಸ್ತೇನಿ, ಕಲೀತಿಯೇನು?"

ಕಲಿಯದೇ ಬಿಡುತ್ತೇನೆಯೆ? ಅಂದು ಒಂದು ತಾಸು ಸಾ ರೇ ಗ ಮ ಎಲ್ಲೆಲ್ಲಿ ಸಿಗುತ್ತದೆಂದು ಬಾಯಿಂದಲೇ ಹೇಳಿಕೊಟ್ಟರು. ಏರಿಸಿದರು, ಇಳಿಸಿದರು. ಏಳುವಾಗ ಅಂದರು. "ಶುಕ್ರವಾರ ನಮಾಜ್ ಆದಮ್ಯಾಲ ಬಾ. ಬರುವಾಗ ಪಲ್ಟಾ ತಯಾರ್ ಮಾಡ್ಕೊಂಡು ಬಾ. ಅದಿಲ್ಲಂದ್ರ ಬರಬ್ಯಾಡ."

ನಮ್ಮ ಬ್ಯಾಂಡಿನಲ್ಲಿ ಆಗ ಪಲ್ಟಾ ಅಂದರೆ ಒಂದೇ ಅರ್ಥ. ದಾರಿಯುದ್ದಕ್ಕೂ ಯೋಚಿಸಿದೆ. ಫೌಜಿನ ಮನುಷ್ಯ, ಪೋಷಾಕು ಸರಿಯಿಲ್ಲದವನಿಗೆ ವಿದ್ಯೆ ಹೇಳುವುದಿಲ್ಲ, ನ್ಯಾಯವೇ. ನನ್ನ ಕೋಟು ಕೊಳಕಾದದ್ದು ಅವರ ಕಣ್ಣಿಗೆ ಬಿದ್ದಿರಬೇಕು. ನೆಟ್ಟಗೆ ದರ್ಜಿಯ ಬಳಿ ಹೋದೆ.

"ಇದು ಆಗಲೇ ಪಲ್ಟಾ ಆದ ಕೋಟು. ಮತ್ತ ಪಲ್ಟಾ ಹೊಡದ್ರ ಏನಾಗ್ತದ ಗೊತ್ತದೇನ?" ಅಂದ ದರ್ಜಿ.

"ಮಾಸ್ಟರ್ ಹೇಳ್ಯಾರ. ನೀವು ಹೊಡೀರಿ."

ಶುಕ್ರವಾರ ಆ ಕೋಟು ತೊಟ್ಟು, ಗುಂಡಿ ಹಾಕಿ, ಎದೆ ಸೆಟೆಸಿ ಅವರ ಬಾಗಿಲಲ್ಲಿ ನಿಂತೆ. ಪಲ್ಟಾದ ಪಲ್ಟಾ ಅಂದರೆ ಮೊದಲಿನದೇ ಅಲ್ಲವೆ? ಮಾಸಿದ ನೀಲಿ ಹೊರಗೆ ಬಂದಿತ್ತು, ಜೇಬು ಎಡಕ್ಕೆ ಹೋಗಿತ್ತು, ಎದೆಯ ಮೇಲೆ ನಿಜಾಮರ ಹಳದಿ ಪಟ್ಟಿ ಮತ್ತೆ ಮಿಂಚುತ್ತಿತ್ತು. ಮಾಸ್ಟರ ಅಕ್ಕ "ಯಾ ಅಲ್ಲಾ!" ಎಂದು, ಬೀದಿಯವರು ನೋಡಿಯಾರೆಂದು ಬಾಗಿಲು ಮುಚ್ಚಲು ಬಂದರು. ಮಾಸ್ಟರು ಮಾತ್ರ ಪಟ್ಟಿಯನ್ನೇ ನೋಡುತ್ತ ಕೂತರು. ಮುಖ ಸಣ್ಣದಾಯಿತು.

"ಇದ್ಯಾಕ ಹಾಕ್ಕೊಂಡು ಬಂದಿ, ಬೇಟಾ?"

"ನೀವ ಹೇಳಿದ್ರಲ್ರಿ ಮಾಸ್ಟರ್, ಪಲ್ಟಾ ತಯಾರ್ ಮಾಡ್ಕೊಂಡು ಬಾ ಅಂತ. ಪಲ್ಟಾ ತಯಾರ್ ಅದ್ರಿ."

ಒಂದು ಕ್ಷಣ ಅವರಿಗೆ ತಿಳಿಯಲಿಲ್ಲ. ತಿಳಿದದ್ದೇ ತಡ, ನಕ್ಕರು ನೋಡಿ! ಕೈಯಲ್ಲಿದ್ದ ಬತ್ತಿಯ ಗಾಜು ಬಿತ್ತು, ಟೊಪ್ಪಿಗೆ ಬಿತ್ತು, ಕಣ್ಣಲ್ಲಿ ನೀರು ಬಂತು. "ಹೌಲಾ! ಪಕ್ಕಾ ಹೌಲಾ!" ಎಂದು ತೊಡೆ ಬಡಿದುಕೊಂಡರು. ಹೌಲಾ ಅಂದರೆ ನಮ್ಮ ಕಡೆಯ ದಖನಿಯಲ್ಲಿ ಪೆದ್ದ. ಅವರ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನಗೆ ಹೇಳಿದರು. "ಊರಿಗಿ ಬಂದಮ್ಯಾಲ ಇವತ್ತೇ ನಗೂದು ನೋಡ್ಲಿಕತ್ತೀನಪ್ಪಾ. ನೀ ದಿನಾ ಬಾ."

ಹುಡುಗರೇ, ಪಲ್ಟಾ ಅಂದರೆ ಇಷ್ಟೇ. ಸಾ ರೇ ಗ ಮ ಪ ದ ನಿ ಸಾ, ಇದು ನೇರ ದಾರಿ. ಇದನ್ನು ತುಂಡು ಮಾಡಿ ತಿರುಗಿಸಿ ಮುರುಗಿಸಿ ಬಾರಿಸುವುದು ಪಲ್ಟಾ. ಸಾರೇಗ, ರೇಗಮ, ಗಮಪ. ಆಮೇಲೆ ಸಾಗ, ರೇಮ, ಗಪ. ಏರಿದ್ದನ್ನು ಇಳಿಸುವುದು, ಒಂದು ಬಿಟ್ಟು ಒಂದು ಹಿಡಿಯುವುದು, ನಡುವಿನಿಂದ ಹೊರಡುವುದು. ಮೊದಲಿನ ಆ ನೇರ ದಾರಿಯನ್ನೇ ನೀವು ಸ್ಕೇಲ್ ಅನ್ನುವುದು. ನೀವು ಏರಿ ಇಳಿದು ಮುಗಿಯಿತು ಅನ್ನುತ್ತೀರಿ. ಅದು ಮೆಟ್ಟಿಲು ಹತ್ತಿ ಇಳಿದಂತೆ, ಮನೆಯೊಳಗೆ ಹೋದಂತೆ ಅಲ್ಲ.

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. "ಇದರಿಂದ ಮನಸ್ಸಿಗಿ ಬಂದಂಗ ಬಾರ್ಸೂದು ಹ್ಯಾಂಗ ಬರ್ತದ್ರಿ?" ಎಂದು ಕೇಳಿದೆ. ಮಾಸ್ಟರು ಎದ್ದು ಚಪ್ಪಲಿ ಮೆಟ್ಟಿದರು. "ನಡಿ," ಅಂದರು. ಚೌಬಾರಾದ ಬುಡಕ್ಕೆ ಕರೆದೊಯ್ದು, "ಇಲ್ಲಿಂದ ನಮ್ಮ ಮನಿಗಿ ಹೋಗು," ಅಂದರು. ಹೋದೆ. ಮತ್ತೆ ಕರೆತಂದು, "ಈಗ ಬ್ಯಾರೆ ಗಲ್ಲಿಲೆ ಹೋಗು," ಅಂದರು. ಬೀದರದ ಹಳೆ ಊರಿನ ಗಲ್ಲಿಗಳು ನಿಮಗೆ ಗೊತ್ತಲ್ಲ, ಒಂದು ಹೊಕ್ಕರೆ ಇನ್ನೊಂದು. ಒಂದು ಸಲ ಯಾರದೋ ಅಂಗಳಕ್ಕೆ ಹೋಗಿ ಎಮ್ಮೆಯ ಮುಂದೆ ನಿಂತೆ. ಮರುದಿನವೂ ಇದೇ ಆಟ. ಕೊನೆಗೊಮ್ಮೆ ಎಲ್ಲಿ ಬಿಟ್ಟರೂ ಮಾಸ್ಟರ ಮನೆಗೆ ಬರತೊಡಗಿದೆ.

"ಈಗ ಅಂಜಿಕಿ ಆಗ್ತದೇನು?" ಎಂದು ಕೇಳಿದರು.

"ಇಲ್ರಿ. ಎಲ್ಲಾ ಗಲ್ಲಿ ಗೊತ್ತವ."

"ಮತ್ತ? ಸಾ ಅಂದ್ರ ಮನಿ. ಪಲ್ಟಾ ಅಂದ್ರ ಗಲ್ಲಿ. ತಿರಗ್ಯಾಡು. ಹೊತ್ತಿಗಿ ಸರಿಯಾಗಿ ಮನಿಗಿ ಬಾ."

ಮನೆಯಲ್ಲಿ ನನ್ನ ಅಭ್ಯಾಸಕ್ಕೆ ತಾಳ ಹಾಕಿದವಳು ಅವ್ವ. ಅವಳು ಜೋಳದ ರೊಟ್ಟಿ ಬಡಿಯುವ ಸದ್ದಿಗೆ ನಾನು ಪಲ್ಟಾ ಹೊಂದಿಸುತ್ತಿದ್ದೆ. ರೊಟ್ಟಿ ತಿರುಗಿದಾಗ ನಾನೂ ತಿರುಗಬೇಕು. ಅಪ್ಪನಿಗೆ ಮಾತ್ರ ತಲೆಚಿಟ್ಟು. "ಒಂದ ಮಾತು ಎಷ್ಟು ಸಲ ಹೇಳ್ತದೋ ಇದು? ನಿಮ್ಮವ್ವನೂ ಇಷ್ಟು ಹೇಳೂದಿಲ್ಲ," ಅನ್ನುತ್ತಿದ್ದ. ಒಂದು ಬೆಳಿಗ್ಗೆ ಅವ್ವ ಹಿಟ್ಟಿನ ಕೈ ಎತ್ತಿ ನಿಲ್ಲಿಸಿದಳು. "ಇವತ್ತ ನಡುವಿಂದು ಒಂದು ನುಂಗಿದಿ ನೋಡು." ನೋಡಿದರೆ ಹೌದು, ಪ ಬಿಟ್ಟಿದ್ದೆ. ಸಂಗೀತದ ಗಂಧವಿಲ್ಲದ ಅವ್ವನ ಕಿವಿಗೂ ದಾರಿ ಗೊತ್ತಾಗಿತ್ತು.

ಕೋಟಿನ ಗತಿ ಏನಾಯಿತು ಎಂದು ಕೇಳಬೇಡಿ. ಹಳದಿ ಪಟ್ಟಿ ನೋಡಿ ಮಾಲಕರು ಹೌಹಾರಿ, "ಲೇ, ಮತ್ತ ನಿಜಾಮನ್ನ ಕರಕೊಂಡು ಬಂದಿಯೇನಲೇ!" ಎಂದು ಅದನ್ನು ಕಸಿದು ಟ್ರಂಕಿನ ತಳಕ್ಕೆ ಒಗೆದರು. ಜ್ವರ ಬಂದು ಮಲಗಿದ್ದ ನಗಾರಿಯವನ ಕೋಟು ನನಗೆ ಕೊಟ್ಟರು. ತೋಳು ಮೊಣಕೈಗೇ ಮುಗಿಯುತ್ತಿತ್ತು.

ಸಂತಪುರಕ್ಕೆ ಮೊದಲು ಔರಾದಿನಲ್ಲಿ ಒಂದು ಸಣ್ಣ ಲಗ್ನ ಬಂತು. ಭೋಂಗಾ ಇರಲಿಲ್ಲ, ಮನೆಯೊಳಗೆ ಕೂತು ಬಾರಿಸುವುದು. ಕಲಿತದ್ದನ್ನೆಲ್ಲ ಅಂದೇ ತೋರಿಸಿಬಿಟ್ಟೆ. ಧೂಳಪ್ಪಣ್ಣ ಉಸಿರು ತೆಗೆದುಕೊಳ್ಳುವುದೇ ತಡ, ಸಾರೇಗ ರೇಗಮ ಎಂದು ಮಳೆ ಸುರಿಸಿದೆ. ಅವನು ಹಾಡು ಹಿಡಿದರೂ ಬಿಡಲಿಲ್ಲ. ಮುಗಿದ ಮೇಲೆ ಧೂಳಪ್ಪಣ್ಣ ಕ್ಲಾರಿನೆಟ್ ಒರೆಸುತ್ತ, "ಮದಲ ಬಾಯಿ ಇರ್ಲಿಲ್ಲ, ಈಗ ಬಾಯಿಗಿ ಬೀಗ ಇಲ್ಲ," ಅಂದ. ನಾನು ಮೂತಿ ಊದಿಸಿಕೊಂಡು ಮಾಸ್ಟರಿಗೆ ಚಾಡಿ ಹೇಳಿದೆ. ಅವರು ಧೂಳಪ್ಪಣ್ಣನ ಪಕ್ಷ ಹಿಡಿದರು.

"ಎಲ್ಲಾ ಗಲ್ಲಿ ಗೊತ್ತವ ಅಂತ ಮನಿಗಿ ಹೋಗುವಾಗ ಎಲ್ಲಾ ಗಲ್ಲಿ ತಿರಗಿ ಹೋಗ್ತಿಯೇನು? ಗೊತ್ತಿರಬೇಕು ಎಲ್ಲಾ. ನಡಿಬೇಕು ಒಂದು. ಧೂಳಪ್ಪ ಏನು ಹೇಳಿ ನಿಲ್ಲಸ್ತಾನ, ಅದನ್ನ ಕೇಳು. ಅದಕ್ಕ ಜವಾಬು ಕೊಡು."

"ತಪ್ಪಿದ್ರ ಏನ್ ಮಾಡ್ಲಿರಿ?"

ಅವರು ಅಂಗೈ ಚಾಚಿದರು. ಮೆಲ್ಲಗೆ ಅದನ್ನು ಮಗುಚಿದರು. "ಓಡಬ್ಯಾಡ. ಅಲ್ಲಿಂದ್ಲೇ ಪಲ್ಟಾ ಹೊಡಿ. ಒಂದ್ ಸಲ ಆದ್ರ ತಪ್ಪು. ಎರಡ್ ಸಲ ಆದ್ರ ಅದ ಚಾಲು." ಚಾಲು ಅಂದರೆ ಹಾಡಿನ ಧಾಟಿ. ಅಭ್ಯಾಸಕ್ಕೆ ಕೂಡುವಾಗ ಗೋಡೆಗೆ ಇದನ್ನು ಬರೆದು ಹಚ್ಚಿಕೊಳ್ಳಿ.

ಸಂತಪುರದ ಲಗ್ನಕ್ಕೆ ಹೋಗುವಾಗ, ರಾತ್ರಿಯ ಮೆರವಣಿಗೆಗೆ ಬೇಕಿದ್ದ ನಮ್ಮ ಗ್ಯಾಸ್ ಬತ್ತಿಗಳೆಲ್ಲ ಕೈಕೊಟ್ಟಿದ್ದವು. ಮಾಲಕರು ಗೊಣಗುತ್ತಲೇ ಖಾದರ್ ಮಾಸ್ಟರನ್ನೂ ಗಾಡಿಗೆ ಹತ್ತಿಸಿಕೊಂಡರು. "ನೀವು ಬತ್ತಿ ಹತ್ರ ಕೂಡ್ರಿ. ಬ್ಯಾಂಡಿನ್ಯಾಗ ಬರಬ್ಯಾಡ್ರಿ. ಬೀಗರು ಏನಂತಾರೋ," ಅಂದರು. ಮಾಸ್ಟರು "ಜೀ" ಅಂದರು. ನಾನು ಸರಿದು ನನ್ನ ಪಕ್ಕದಲ್ಲಿ ಅವರಿಗೆ ಜಾಗ ಮಾಡಿದೆ.

ವರನ ಕಡೆಯವರು ಎಕಂಬಾದವರು. ಹಗಲೂಟದ ಹೊತ್ತು, ಚಪ್ಪರದ ತುಂಬ ಜನ. ನೆತ್ತಿಯ ಮೇಲೆ ಭೋಂಗಾ ಬಾಯಿ ತೆರೆದು ಕೂತಿತ್ತು. ಬತ್ತಿಗಳ ಸಾಲಿನ ಹಿಂದೆ ಮಾಸ್ಟರು ಚಿಂದಿಯಿಂದ ಗಾಜು ಒರೆಸುತ್ತಿದ್ದರು. ಮಾಲಕರು ನನ್ನ ಹತ್ತಿರ ಬಂದು, "ವೈಜ್ಯಾ, ಗಿಟಾರ್ ತಗೊಳ್ಳೋ ಗಿರಾಕಿ ಸಿಕ್ಕಾನ, ನೆನಪಿರ್ಲಿ," ಎಂದು ಕಿವಿಯಲ್ಲಿ ಹೇಳಿ ಹೋದರು. ಧೈರ್ಯ ಹೇಳುವ ರೀತಿಯೆ ಇದು?

ಧೂಳಪ್ಪಣ್ಣ ಹಾಡು ಎತ್ತಿದ. ಕೋಮಲ ಗಾಂಧಾರದ, ಅಂದರೆ ಗ ಒಂದು ಮೆಟ್ಟು ಇಳಿದ ಹಾಡು, ಸ್ವಲ್ಪ ದುಃಖದ ಧಾಟಿ. ಮೊದಲ ಸಾಲು ಮುಗಿಸಿ ಉಸಿರಿಗೆ ನಿಂತ. ನಾನು ಅವನು ಹೇಳಿದ್ದಕ್ಕೆ ಎರಡೇ ಸ್ವರದ ಜವಾಬು ಕೊಟ್ಟೆ. ಸರಿ ಹೋಯಿತು. ಎರಡನೆಯ ಸಾಲಿನ ನಂತರ ಇನ್ನಷ್ಟು ದೂರ ಹೋದೆ. ಅಲ್ಲೇ ಬೆರಳು ಒಂದು ಮೆಟ್ಟು ಮುಂದೆ ಬಿದ್ದು, ಕೋಮಲ ಇರಬೇಕಾದಲ್ಲಿ ಶುದ್ಧ ಗಾಂಧಾರ ಭೋಂಗಾದಿಂದ ಹೊರಬಿತ್ತು. ಜೋರಾಗಿ, ತೆಳ್ಳಗೆ, ಇಡೀ ಸಂತಪುರಕ್ಕೆ ಕೇಳುವಂತೆ.

ಧೂಳಪ್ಪಣ್ಣನ ಹುಬ್ಬು ಮೇಲೆ ಹೋಯಿತು. ಮಾಲಕರು ಕಣ್ಣು ಮುಚ್ಚಿದರು. ನನ್ನ ಕಿವಿಯಲ್ಲಿ ಭಾಲ್ಕಿಯ ಬಾವಿಯ ಕೊಡ ದಡದಡ ಉರುಳಿತು. ಓಡಿಬಿಡೋಣ ಅನ್ನಿಸಿತು. ಯಾಕೋ ಬತ್ತಿಗಳ ಕಡೆ ನೋಡಿದೆ. ಮಾಸ್ಟರು ಗಾಜು ಕೆಳಗಿಟ್ಟಿದ್ದರು. ಅಂಗೈ ಚಾಚಿ, ಮೆಲ್ಲಗೆ ಮಗುಚಿದರು.

ಅದೇ ತಪ್ಪು ಸ್ವರವನ್ನು ಮತ್ತೆ ಬಾರಿಸಿದೆ, ಬೇಕೆಂದೇ, ಒತ್ತಿ. ಅಲ್ಲಿಂದ ಕೋಮಲಕ್ಕೆ ಜಾರಿ, ರೇ ಮುಟ್ಟಿ, ಸಾಗ ರೇಮ ಎಂದು ಒಂದು ಸಣ್ಣ ಪಲ್ಟಾ ತಿರುಗಿ ಸಾ ಮೇಲೆ ಬಂದು ಕೂತೆ. ಮನೆಗೆ ಬಂದೆ! ಚಪ್ಪರದಲ್ಲಿ ಯಾರೋ "ವಾರೆ ವ್ಹಾ!" ಅಂದರು. ಧೂಳಪ್ಪಣ್ಣ ಕ್ಲಾರಿನೆಟ್ ಬಾಯಿಗೆ ಇಡುವ ಮೊದಲು ನನ್ನನ್ನು ನೋಡಿ ನಕ್ಕ. ಆಮೇಲೆ ಅವನು, ಆ ಹಟಮಾರಿ, ನನ್ನ ಆ ತಪ್ಪು ಸ್ವರವನ್ನೇ ಎತ್ತಿಕೊಂಡು ತನ್ನ ಸಾಲಿನಲ್ಲಿ ಬಾರಿಸಿದ. ಅಂಥ ಸಂತೋಷ ನನಗೆ ನನ್ನ ಲಗ್ನದಲ್ಲೂ ಆಗಲಿಲ್ಲ. ನನ್ನ ಹೆಂಡತಿ ಇದನ್ನು ಓದುವುದಿಲ್ಲ, ಅದಕ್ಕೇ ಬರೆದೆ.

ಊಟ ಮುಗಿದ ಮೇಲೆ ವರನ ಅಜ್ಜ, ಎಕಂಬಾದ ಹಿರಿಯರು, ಕೋಲೂರಿಕೊಂಡು ಬಂದರು. "ತಮ್ಮಾ, ಛಲೋ ಬಾರಸ್ದಿ. ಯಾರ ಹತ್ರ ಕಲ್ತಿ?"

ಧೂಳಪ್ಪಣ್ಣ ನನ್ನ ಕಾಲು ತುಳಿದ. ಯಾಕೆಂದು ನನಗೆ ಗೊತ್ತಿತ್ತು. ಬ್ಯಾಂಡಿನಲ್ಲಿ ಗಿಟಾರ್ ಇರುವುದು ಒಂದೇ. ನನಗಿಂತ ನೂರು ಪಾಲು ಚೆನ್ನಾಗಿ ಬಾರಿಸುವವರು ಇಲ್ಲೇ ಕೂತಿದ್ದಾರೆ ಎಂದು ಹೇಳಿದರೆ ಮಾಲಕರು ಗಿಟಾರನ್ನು ಯಾರ ಕೊರ‍ಳಿಗೆ ಹಾಕುತ್ತಾರೆ? ನಾನು ಮತ್ತೆ ಬತ್ತಿ ಹೊರಬೇಕು. ಆದರೆ ಮಾಸ್ಟರು ಆ ಬಿಸಿಲಿನಲ್ಲಿ ಬತ್ತಿಯ ಹಿಂದೆ ಕೂತದ್ದು ಕಣ್ಣಿಗೆ ಚುಚ್ಚುತ್ತಿತ್ತು.

"ಅಕಾ, ಅಲ್ಲಿ ಕೂತಾರಲ್ರಿ, ಖಾದರ್ ಮಾಸ್ಟರ್. ಫೌಜಿನ ಬ್ಯಾಂಡಿನ್ಯಾಗ ಇದ್ದವರು. ನನ್ನ ಗುರು ಅವರೇ ರಿ."

ಹೇಳಿದ್ದು ಮೈಕಿನ ಮುಂದೆ. ಭೋಂಗಾ ಇನ್ನೂ ಚಾಲೂ ಇತ್ತು. ನನ್ನ ಮಾತು ಚಪ್ಪರಕ್ಕೆಲ್ಲ ಕೇಳಿತು. ಫೌಜು ಎಂಬ ಶಬ್ದಕ್ಕೆ ಜನ ತಿರುಗಿ ನೋಡಿದರು. ಮಾಲಕರ ಮುಖದ ಮೇಲೆ ವಿಭೂತಿ ಒಂದೇ ಉಳಿದಿತ್ತು. ಅಜ್ಜ ಬತ್ತಿಗಳ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಬಡಿಸುವವರ ಕಡೆ ತಿರುಗಿ ಗದರಿದರು.

"ಬತ್ತಿ ಹಿಂದ ಕೂತೋರಿಗಿ ಹುಗ್ಗಿ ಬಡ್ಸೀರೇನು ಇಲ್ಲೋ? ಗುರುಗಳಿಗಿ ಬಿಟ್ಟು ಶಿಷ್ಯಗ ಉಣಸ್ತೀರೇನು? ಕರೀರಿ ಇಲ್ಲಿ!"

ಮಾಸ್ಟರು ಬಂದು ಪಂಗತಿಯಲ್ಲಿ ಕೂತರು. ಅಜ್ಜ ಪಕ್ಕದಲ್ಲಿ ನಿಂತು ತುಪ್ಪ ಹಾಕಿಸಿದರು. ನಮ್ಮ ಮಾಲಕರು ಎಲ್ಲವನ್ನೂ ನೋಡಿ, ಊಟ ಮುಗಿಯುವ ತನಕ ಕಾದು, ಕೆಮ್ಮಿ, "ಮಾಸ್ಟರ, ಬ್ಯಾಂಡಿನ್ಯಾಗ ಬರ್ತೀರೇನ್ರಿ?" ಎಂದು ಕೇಳಿದರು. ನಾನು ಗಿಟಾರನ್ನು ಎದೆಗೆ ಒತ್ತಿ ಹಿಡಿದೆ.

"ಬಾರ್ಸೂದು ಇಂವ ಬಾರಸ್ತಾನ್ರಿ," ಅಂದರು ಮಾಸ್ಟರು. "ನಾ ಎಲ್ಲಾರಿಗೂ ಪಲ್ಟಾ ಹೇಳ್ಕೊಡ್ತೇನಿ."

"ಎಲ್ಲಾರಿಗೂ ಅಂದ್ರ? ನನಗೂ ಏನ್ರಿ?" ಎಂದು ಧೂಳಪ್ಪಣ್ಣ ಚೀರಿದ. ಹೌದು, ಅವನಿಗೂ. ಮುಂದಿನ ದಿನಗಳಲ್ಲಿ ನಗಾರಿಯವನನ್ನೂ ಬಿಡಲಿಲ್ಲ. ಕಲಬುರ್ಗಿಯ ಬ್ಯಾಂಡಿನವರು ನಮ್ಮನ್ನು ಕೇಳಲು ಮದುವೆಗಳಿಗೆ ಕರೆಯದೆ ಬರುತ್ತಿದ್ದರು.

ಬೀದರಕ್ಕೆ ಬಂದ ಮೇಲೆ ಮಾಸ್ಟರಿಗೆ ಕೋಟು ಬೇಕಾಯಿತು. ಉಳಿದದ್ದು ಟ್ರಂಕಿನ ತಳದ ಆ ಒಂದೇ. ದರ್ಜಿ ಅದನ್ನು ನೋಡಿ ಕೈ ಮುಗಿದ. "ಮೂರನೇ ಸಲ ಆಯ್ತು. ಇನ್ನ ಇದಕ್ಕ ತಿರಗ್ಲಿಕ್ಕ ಬಾಜೂ ಉಳದಿಲ್ಲ." ಆದರೂ ಹೊಲಿದ. ನೀಲಿ ಹೊರಗೆ ಬಂತು, ಹಳದಿ ಒಳಗೆ ಹೋಯಿತು.

ಮೊದಲ ತಾಲೀಮಿನ ದಿನ ನಾನೇ ಅದನ್ನು ಮಡಚಿ ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನಿಂತೆ.

"ಮಾಸ್ಟರ್, ಪಲ್ಟಾ ತಯಾರ್ ಅದ್ರಿ."

ಅವರು ನಗುತ್ತಲೇ ತೊಟ್ಟರು. ಗುಂಡಿ ಹಾಕಿದರು. ಕನ್ನಡಕ ಇಡಲು ಎಡ ಎದೆಗೆ ಕೈ ಹೋಯಿತು. ಅಲ್ಲಿ ಜೇಬಿರಲಿಲ್ಲ. ಬಟ್ಟೆಯ ಅಡಿಯಲ್ಲಿ ಹಳದಿ ಪಟ್ಟಿಯ ಹೊಲಿಗೆ ಬೆರಳಿಗೆ ಸಿಕ್ಕಿರಬೇಕು, ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಕೈ ಬಲಕ್ಕೆ ಸರಿಸಿ, ಕನ್ನಡಕವನ್ನು ಅಲ್ಲಿದ್ದ ಜೇಬಿಗೆ ಇಟ್ಟರು.

"ಕೊಡು ಬೇಟಾ," ಎಂದು ಅಂದಿನ ತನಕ ಕೈ ಮುಟ್ಟಿಸದಿದ್ದ ಗಿಟಾರನ್ನು ನನ್ನ ಕೊರಳಿನಿಂದ ತೆಗೆದುಕೊಂಡರು. ಸಾರೇಗ, ರೇಗಮ, ಗಮಪ. ನನಗೆ ಕಲಿಸಿದ ಮೊಟ್ಟಮೊದಲ ಪಲ್ಟಾ, ಅಷ್ಟೇ ಬಾರಿಸಿದರು. ಅವ್ವನ ರೊಟ್ಟಿಯ ಸದ್ದಿಗೆ ನಾನು ದಿನವೂ ಬಡಿಯುತ್ತಿದ್ದುದೂ ಇದನ್ನೇ. ಅವರ ಕೈಯಲ್ಲಿ ಅದು ಹಾಡಾಗಿತ್ತು. ಧೂಳಪ್ಪಣ್ಣ ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡ.

ಬಾರಿಸಿ ಮುಗಿಸಿ, ಗಿಟಾರನ್ನು ನನ್ನ ಕೊರಳಿಗೇ ಹಾಕಿ, "ಹೂಂ, ಮದಲಿಂದ ಹಿಡಿ," ಅಂದರು.